ಎಡಕ್ಕೆ ವಾಲುವ ಮೀನು

ಸೆಪ್ಟೆಂಬರ್ 3, ಗುರುವಾರ

ಬೆಳಿಗ್ಗೆ ಕಾಫಿಗೆ ಬಂದಾಗ ಬೆಲ್ಮೀರು ಅವರ ಹುಬ್ಬಿನ ಮೇಲೆ ಮರದ ಹುಡಿ ಕೂತಿತ್ತು. ಬಿಳಿ ಹುಬ್ಬು, ಕೆಂಪು ಹುಡಿ. ಮುಖ ತೊಳೆದಿದ್ದರು, ಹುಬ್ಬನ್ನು ಮರೆತಿದ್ದರು. ನಾನು ನೋಡಿದೆ, ಹೇಳಲಿಲ್ಲ.

ಅಂದರೆ ಮರ ಕಡೆಯುವ ಲೇತ್ ಮತ್ತೆ ತಿರುಗಿದೆ. ಮೇ ತಿಂಗಳಲ್ಲಿ ಅಣ್ಣ ದುವಾರ್ತೆಯನ್ನು ಮಣ್ಣು ಮಾಡಿ ಬಂದ ಸಂಜೆ ಅದರ ಮೇಲೆ ಹೊದಿಸಿದ್ದ ಹಳೆಯ ಚಾದರ ಇವತ್ತು ಹಿತ್ತಲ ತಂತಿಯ ಮೇಲೆ ಒಣಗುತ್ತಿದೆ.

ಈ ಪುಸ್ತಕದಲ್ಲಿ ಬೆಲ್ಮೀರು ಅವರನ್ನು ಹೆಸರು ಹಿಡಿದೇ ಬರೆಯುತ್ತಿದ್ದೇನೆ. ಮಗಳು ಬರೆಯಬೇಕಾದ ಪದ ಬರೆಯಲು ಹೋದರೆ ಕೈ ನಿಲ್ಲುತ್ತದೆ. ಅಣ್ಣನನ್ನು ಬಂಡೆಗೆ ಕಳಿಸಿದವರು ಅವರು. ಈ ಮನೆಯಲ್ಲಿ ಪಟ್ಟೆಮೀನನ್ನು ಸೆಳೆಯಲು ಹೊಸ ನಮೂನೆಯ ಮರದ ಮೀನು ಕಡೆದರೆ, ಮೊದಲನೆಯದಕ್ಕೆ ಗಾಳ ಕಟ್ಟದೆ, ಸಮುದ್ರಕ್ಕೆ ಚಾಚಿದ ಹೊರಬಂಡೆಯ ಮೇಲೆ ನಿಂತೇ ಎಸೆದು ಈಜಿಸಿ ನೋಡಬೇಕು. ಪೋರ್ಚುಗೀಸರ ಅಸೋರಿಶ್ ದ್ವೀಪದಿಂದ ಬಂದ ಅಜ್ಜ ಮಾಡಿದ ಕಟ್ಟಳೆ. ಕೊಳದಲ್ಲಿ ಈಜುವ ಮೀನನ್ನು ಪಟ್ಟೆಮೀನು ನಂಬುವುದಿಲ್ಲ, ನೊರೆಯಲ್ಲಿ ಈಜಬೇಕು ಎನ್ನುತ್ತಿದ್ದನಂತೆ. "ಹೊಸದು ಆಗಿದೆ, ಈಜಿಸಿ ನೋಡ್ಕೊಂಡ್ಬಾ" ಎಂದರು ಬೆಲ್ಮೀರು. ಅಣ್ಣ ಹೋದ. ಕೆಲವು ದಿನಗಳ ಮೇಲೆ ಪಕ್ಕದ ಕೊಲ್ಲಿಯಲ್ಲಿ ಸಿಕ್ಕ. ಅವನ ಗಾಳದ ಕೋಲು ಸಿಗಲಿಲ್ಲ. ಆ ಮೀನೂ ಸಿಗಲಿಲ್ಲ.

ಅಕ್ಟೋಬರ್ ಮುಗಿಯುವುದರೊಳಗೆ ಬಾಸ್ಟನ್ನಿಗೆ ಹೋಗಿಬಿಡಬೇಕು. ಕಾಲೇಜಿನ ಗೆಳತಿ ಕೋಣೆಯಲ್ಲಿ ಜಾಗ ಇಟ್ಟಿದ್ದಾಳೆ.

ಸೆಪ್ಟೆಂಬರ್ 5, ಶನಿವಾರ

ಜುಲ್ಮೀರಾ ಅತ್ತೆಯ ಬೇಕರಿಯಲ್ಲಿ ಬೆಳಗಿನ ಕೆಲಸ. ಸಿಹಿ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಕೊಡುವುದು ನನ್ನ ಪಾಲಿಗೆ. ಮಾತು ಅತ್ತೆಯ ಪಾಲಿಗೆ. ಹಾಗಾಗಿ ಇಬ್ಬರಿಗೂ ಒಗ್ಗುತ್ತದೆ. ಆದರೆ ಇವತ್ತು ಅವಳು ನನ್ನ ಕಡೆಗೇ ತಿರುಗಿದಳು.

"ನನ್ನ ತಮ್ಮ ಲೇತ್ ಶುರು ಮಾಡಿದಾನಂತೆ?"

"ಹೂಂ."

"ಏನು ಕಡೀತಿದಾನೆ?"

"ಗೊತ್ತಿಲ್ಲ ಅತ್ತೆ."

"ಒಂದೇ ಮನೇಲಿ ಇರೋದು ಇಬ್ರು, ಅದರಲ್ಲಿ ಒಬ್ಬಳಿಗೆ ಗೊತ್ತಿಲ್ಲ! ಪ್ರಾವಿಡೆನ್ಸಲ್ಲಿ ಅಷ್ಟು ವರ್ಷ ಸಾಹಿತ್ಯ ಓದ್ದೆ, ಬರೋವಾಗ ನಾಲಿಗೇನ ಅಲ್ಲೇ ಲೈಬ್ರರಿಗೆ ವಾಪಸ್ ಕೊಟ್ಟು ಬಂದ್ಯಾ ಡೀಲಾ?"

ಸಾಲಿನಲ್ಲಿದ್ದವರು ನಕ್ಕರು. ನಾನೂ ನಗಬೇಕಾಯಿತು. ಅವರೆಲ್ಲ ಹೋದ ಮೇಲೆ ಅತ್ತೆ ಹಿಟ್ಟಿನ ಕೈಯಲ್ಲೇ ನನ್ನ ಗಲ್ಲ ಹಿಡಿದು, "ಮಾತಾಡ್ಸೇ ಅವನನ್ನ. ಅಮ್ಮ ಇಲ್ಲದ ಮನೆ ಅದು, ನೀನೂ ಬಾಯಿ ಮುಚ್ಕೊಂಡ್ರೆ ಹೆಂಗೆ?" ಎಂದಳು.

ನಾನು ಗಲ್ಲಕ್ಕೆ ಅಂಟಿದ ಹಿಟ್ಟು ಒರೆಸಿಕೊಂಡೆ.

ಸೆಪ್ಟೆಂಬರ್ 9, ಬುಧವಾರ

ನನ್ನ ಕೋಣೆಯ ಬಾಗಿಲು ತೆರೆದೇ ಇತ್ತು. ಆದರೂ ಬೆಲ್ಮೀರು ಚೌಕಟ್ಟಿನ ಮೇಲೆ ಬೆರಳಿನಿಂದ ತಟ್ಟಿದರು. "ಒಂದು ತೂತು ಕೊರೆದು ಕೊಡ್ತೀಯಾ?"

ಶೆಡ್ಡಿಗೆ ಮೇ ತಿಂಗಳಿಂದ ಕಾಲಿಟ್ಟಿರಲಿಲ್ಲ. ಅಜ್ಜನ ಪುಟ್ಟ ಲೇತ್, ಅದನ್ನು ತಿರುಗಿಸುವ ಹಳೆಯ ಬಟ್ಟೆ ಒಗೆಯುವ ಯಂತ್ರದ ಮೋಟಾರು, ನೆಲದ ತುಂಬ ಸೀಡರ್ ಮರದ ಸುರುಳಿ. ಮೀನಿನ ಹೊಟ್ಟೆಗೆ ಸೀಸ ತುಂಬಲು ತೂತು ಕೊರೆಯುವುದು ಯಾವಾಗಲೂ ಅಣ್ಣನ ಕೆಲಸವಾಗಿತ್ತು. ಎಂದೋ ಚಕ್ಕೆ ಹಾರಿ ಬೆಲ್ಮೀರು ಅವರ ಎಡಗಣ್ಣು ಮಂಜಾಗಿದೆ; ಕಡೆಯುವುದಕ್ಕೆ ಕೈ ಸಾಕು, ಗುಂಡಗಿನ ಮರದ ನಟ್ಟನಡುವನ್ನು ಹಿಡಿಯುವುದಕ್ಕೆ ಎರಡು ಕಣ್ಣು ಬೇಕು.

ಬೆಂಚಿನ ಮೇಲಿದ್ದ ಮೀನನ್ನು ನೋಡಿದ ಕೂಡಲೇ ತಿಳಿಯಿತು. ಗಿಡ್ಡ ತಲೆ, ತುಂಬಿದ ಎದೆ, ಉದ್ದಕ್ಕೆ ಸಪೂರವಾಗುವ ಬಾಲ. ಅಣ್ಣ ಒಯ್ದ ನಮೂನೆ ಅದೇ.

"ಅದನ್ನೇ ಮತ್ತೆ ಕಡೀಬೇಕು" ಎಂದರು ನನ್ನ ಮುಖ ನೋಡದೆ. "ಅದು ಹೆಂಗೆ ಈಜ್ತು ಅಂತ ಗೊತ್ತಾಗ್ಬೇಕು ನಂಗೆ. ಒಂದು ಪಕ್ಕಕ್ಕೆ ಎಳೀತಿದ್ರೆ, ಸರಿಯಾಗಿ ನೋಡೋಣ ಅಂತ ಅವನು ಕೆಳಗಿನ ಕಲ್ಲಿಗೆ ಇಳಿದಿರ್ತಾನೆ. ಅವನು ಇಳಿಯೋನೇ. ನೇರ ಈಜಿದ್ರೆ ಇಳಿಯೋ ಕಾರಣ ಇಲ್ಲ."

ನಾನು ಮೀನನ್ನು ಎತ್ತಿ ಕೈಯಲ್ಲಿ ತಿರುಗಿಸಿದೆ.

"ಸರಿಯಾಗಿ ಬಂದ ದಿನ ನಾನೇ ಹೊರಬಂಡೆಗೆ ಹೋಗಿ ಈಜಿಸ್ತೀನಿ."

"ಮೊಣಕಾಲು?"

"ಹೋಗೋಕೆ ಸಾಕು."

ಸೆಪ್ಟೆಂಬರ್ 10, ಗುರುವಾರ

ಕೊರೆದೆ. ಶೆಡ್ಡಿನ ಮೂಲೆಯ ತಗಡಿನ ತೊಟ್ಟಿಯಲ್ಲಿ ಸಮುದ್ರದ ನೀರು ತುಂಬಿಟ್ಟಿರುತ್ತಾರೆ. ಸೀಸ ತುಂಬಿ ಮೀನನ್ನು ಬಿಟ್ಟರು. ಅದು ಒಂದು ಕ್ಷಣ ನೆಟ್ಟಗೆ ನಿಂತು, ಆಮೇಲೆ ನಿದ್ದೆ ಬಂದವರ ಹಾಗೆ ಎಡಕ್ಕೆ ವಾಲಿತು. ತೂತು ನಡುಗೆರೆಯಿಂದ ಸರಿದಿತ್ತು.

ಬೈಯಲಿಲ್ಲ. ಹೆಬ್ಬೆರಳಿನಿಂದ ಅದರ ಹೊಟ್ಟೆ ಸವರಿ ಒಲೆಗೆ ಹಾಕಿದರು. ಕೆಟ್ಟ ಮೀನನ್ನು ಸಮುದ್ರಕ್ಕೂ ಎಸೆಯುವುದಿಲ್ಲ, ಕಸಕ್ಕೂ ಎಸೆಯುವುದಿಲ್ಲ. ಅದು ಉರಿಯುವಾಗ ಪೆನ್ಸಿಲ್ ಕೆತ್ತಿದ ವಾಸನೆ ಬರುತ್ತದೆ. ನನಗೆ ಶಾಲೆ ನೆನಪಾಯಿತು. ಅಣ್ಣ ನನ್ನ ಪೆನ್ಸಿಲ್ಲುಗಳನ್ನೆಲ್ಲ ಮೀನು ಮಾಡಿಬಿಡುತ್ತಿದ್ದ.

ಸೆಪ್ಟೆಂಬರ್ 17, ಗುರುವಾರ

ಬೇಕರಿಗೆ ಗಿಫರ್ಡ್ ಬಂದಿದ್ದ. ಸಿಗಡಿ ದೋಣಿಯ ಮುದುಕ, ಬೆಲ್ಮೀರು ಅವರ ಹಳೆಯ ಜೊತೆಗಾರ.

"ಏನಮ್ಮಾ, ನಿಮ್ಮಪ್ಪಂಗೆ ನನ್ನ ಮೇಲೆ ಇದ್ದಕ್ಕಿದ್ದಂಗೆ ಪ್ರೀತಿ ಉಕ್ಕಿದೆಯಲ್ಲ? ಒಳ್ಳೊಳ್ಳೆ ಕೋಲು, ರೀಲು, ಎಲ್ಲಾ ನನ್ನ ಗಾಡಿಗೆ ತುಂಬ್ದ. ನಾನು ಸಾಯೋಕೆ ಮುಂಚೆ ಕೊಡ್ತಿದೀಯಾ, ಇಲ್ಲಾ ನೀನು ಸಾಯೋಕೆ ಮುಂಚೆ ಕೊಡ್ತಿದೀಯಾ ಅಂತ ಕೇಳ್ದೆ."

"ಏನಂದ್ರು?"

"ನಕ್ಕ. ಒಂದು ಕೋಲು ಮಾತ್ರ ಇಟ್ಕೊಂಡ."

ಗಿಫರ್ಡ್ ಕೂಡ ನಗುತ್ತಲೇ ಹೇಳಿದ. ಆದರೆ ಚಿಲ್ಲರೆ ತೆಗೆದುಕೊಳ್ಳುವುದನ್ನು ಮರೆತು ಹೋದ.

ಸೆಪ್ಟೆಂಬರ್ 18, ಶುಕ್ರವಾರ

ಹಿಂಬಾಗಿಲ ಗೂಟದಲ್ಲಿ ಬೂಟುಗಳು ತಲೆಕೆಳಗಾಗಿ ತೂಗುತ್ತವೆ. ಅಣ್ಣನ ಹಳೆಯ ಜೊತೆ, ಪಕ್ಕದಲ್ಲಿ ಅಪ್ಪನ ಜೊತೆ. ಪಾಚಿ ಹತ್ತಿದ ಬಂಡೆಯ ಮೇಲೆ ಹಿಡಿತ ಸಿಗಲೆಂದು ಅಟ್ಟೆಯ ತುಂಬ ಉಕ್ಕಿನ ಮೊಳೆ ತಿರುಗಿಸಿರುತ್ತಾರೆ. ಮಕ್ಕಳಾಗಿದ್ದಾಗ ಆ ಬೂಟಿನ ಸದ್ದು ಅಂಗಳದಲ್ಲಿ ಕೇಳಿದರೆ ನಾವು ಊಟಕ್ಕೆ ಓಡುತ್ತಿದ್ದೆವು.

ಇವತ್ತು ಬಟ್ಟೆ ಒಣಹಾಕಲು ಹೋದವಳು ನೋಡಿದೆ. ಅಪ್ಪನ ಅಟ್ಟೆಯಲ್ಲಿ ಮೊಳೆ ಇಲ್ಲ. ಬರೀ ತೂತು.

ಸವೆದದ್ದಕ್ಕೆ ತೆಗೆದಿರಬಹುದು ಎಂದುಕೊಂಡೆ. ಆಮೇಲೆ ಕಿಟಕಿಯ ಮೇಲಿನ ತಂಬಾಕಿನ ಡಬ್ಬಿ ತೆರೆದೆ. ಎಲ್ಲ ಅದರಲ್ಲಿದ್ದವು. ಚೂಪಾಗಿದ್ದವು. ಒಂದು ಬೆರಳಿಗೆ ಚುಚ್ಚಿ ರಕ್ತ ಬಂತು.

ಹೋಗೋಕೆ ಸಾಕು.

ಸೆಪ್ಟೆಂಬರ್ 19, ಶನಿವಾರ

ಅತ್ತೆಗೆ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಂಗಡಿಗೆ ಜನ ಬಂದರು. ಜನ ಹೋದ ಮೇಲೂ ಹೇಳಲಿಲ್ಲ. ಹೇಳಿದರೆ ಅವಳು ಅಳುತ್ತ ಓಡಿ ಬರುತ್ತಾಳೆ, ಪಾದ್ರಿಯನ್ನೂ ಕರೆತರುತ್ತಾಳೆ. ಅಪ್ಪ ಎಲ್ಲರಿಗೂ ಕಾಫಿ ಕೊಟ್ಟು, ಮರುದಿನವೇ ಬಂಡೆಗೆ ಹೋಗಿಬಿಡುತ್ತಾನೆ. ಮೊಳೆಗಳನ್ನು ನಾನೇ ಹಾಕಿಡಲೇ? ಬರಿಗಾಲಲ್ಲಿ ಹೋಗುತ್ತಾನೆ.

ಆದರೆ ಅವನು ಮಾತಿಗೆ ತಪ್ಪುವವನಲ್ಲ. ಮೀನು ಸರಿಯಾಗಿ ಬಂದ ದಿನ, ಅಂದಿದ್ದಾನೆ. ತೊಟ್ಟಿಯಲ್ಲಿ ನೆಟ್ಟಗೆ ನಿಲ್ಲದ ಮೀನನ್ನು ಅವನು ಬಂಡೆಗೆ ಒಯ್ಯುವುದಿಲ್ಲ.

ಮಧ್ಯಾಹ್ನ ಎರಡನೆಯದನ್ನು ಕಡೆದು ಕೊಟ್ಟ. ಪೆನ್ಸಿಲ್ ಗೆರೆಯಿಂದ ಒಂದು ಕೂದಲೆಳೆ ಎಡಕ್ಕೆ ಬೇಕೆಂದೇ ಕೊರೆದೆ.

ವಾಲಿತು.

ಸೆಪ್ಟೆಂಬರ್ 24, ಗುರುವಾರ

ತಪ್ಪಾಗಿ ಕೊರೆಯುವುದು ಸುಲಭ ಎಂದುಕೊಂಡಿದ್ದೆ. ಅವನ ಹೆಬ್ಬೆರಳಿಗೆ ಸಿಗದಷ್ಟು ಸಣ್ಣದಾಗಿರಬೇಕು, ತೊಟ್ಟಿಯ ನೀರಿಗೆ ಸಿಗುವಷ್ಟು ದೊಡ್ಡದಾಗಿರಬೇಕು. ಅದಕ್ಕೆ ಮೊದಲು ನಡು ಎಲ್ಲಿದೆ ಎಂದು ಸರಿಯಾಗಿ ಗೊತ್ತಿರಬೇಕು. ಮೀನನ್ನು ಬೆರಳ ಮೇಲೆ ಉರುಳಿಸಿ, ಅದು ನಿಲ್ಲುವ ಕಡೆ ಗೆರೆ ಹಾಕಬೇಕು. ಮರದ ಎಳೆ ಗಟ್ಟಿಯಿದ್ದ ಕಡೆ ಬೈರಿಗೆ ಜಾರುತ್ತದೆ. ಮೊದಲು ಮೊಳೆಯಿಂದ ಚುಕ್ಕಿ ಹೊಡೆದುಕೊಂಡರೆ ಜಾರುವುದಿಲ್ಲ.

ಇವತ್ತಿನದು ಚೆನ್ನಾಗಿ ಬಂತು. ಚೆನ್ನಾಗಿ ಅಂದರೆ, ವಾಲಿತು.

ಸೆಪ್ಟೆಂಬರ್ 27, ಭಾನುವಾರ

ಗೆಳತಿ ಬಾಸ್ಟನ್ನಿನಿಂದ ಫೋನ್ ಮಾಡಿದ್ದಳಂತೆ. ತಿರುಗಿ ಮಾಡಲು ಮರೆತೆ.

ಸೆಪ್ಟೆಂಬರ್ 30, ಬುಧವಾರ

ಹಲಗೆಗಳು ಕಡಿಮೆಯಾಗುತ್ತಿವೆ. ಹಿಂದೆ ಯಾವುದೋ ಗಿರಣಿಯ ಮಾಳಿಗೆಯ ನೀರಿನ ತೊಟ್ಟಿ ಒಡೆದಾಗ ಅಜ್ಜ ತಂದ ಸೀಡರ್ ಮರ ಅದು. ಅಣ್ಣ ಒಯ್ದ ಮೀನು ಆ ಮರದ್ದು, ಹಾಗಾಗಿ ಬೇರೆ ಮರ ಆಗುವುದಿಲ್ಲ. ಪ್ರತಿ ಸಲ ಒಂದು ಒಲೆಗೆ ಹೋಗುವಾಗ ನಾನು ಗೋಡೆಗೆ ಒರಗಿಸಿದ ಹಲಗೆಯನ್ನು ನೋಡುತ್ತೇನೆ. ಅದು ನನ್ನ ಸೊಂಟದವರೆಗಿತ್ತು. ಈಗ ಮೊಣಕಾಲವರೆಗೆ.

ಇವತ್ತು ಅಪ್ಪ ಉಳಿಯನ್ನು ನನ್ನ ಕೈಗೆ ಕೊಟ್ಟ. "ಹಲಗೆ ಅಲ್ಲ ಇದು, ಸೌದೆ ತುಂಡು. ಹಾಳಾದ್ರೆ ಆಗ್ಲಿ, ಹಿಡಿ."

ಒತ್ತಿ ಹಿಡಿದೆ. ಮರ ಉಳಿಯನ್ನು ಕಚ್ಚಿ ಎಗರಿಸಿತು.

"ಅದರ ಜೊತೆ ಜಗಳ ಯಾಕಾಡ್ತೀಯ? ಒತ್ಬೇಡ. ಉಳೀನ ಹಂಗೇ ಒರಗಿಸು, ಮರ ತಾನೇ ಬಂದು ತಾಗುತ್ತೆ. ಸದ್ದು ಕೇಳು. ಕಿರಚ್ತಾ ಇದ್ರೆ ನಿನ್ನ ತಪ್ಪು. ಗೊಣಗ್ತಾ ಇದ್ರೆ ಸರಿ."

"ನಿನ್ನ ಹಾಗೆ."

ಬಾಯಿ ತಪ್ಪಿ ಬಂತು. ಅಪ್ಪ ಮೋಟಾರು ನಿಲ್ಲಿಸಿ ನನ್ನನ್ನೇ ನೋಡಿದ. "ನಿಮ್ಮತ್ತೆ ಬಾಯಿ ನಿಂಗೂ ಬಂತಾ?" ಎಂದು ಮತ್ತೆ ಹಾಕಿದ.

ಅಕ್ಟೋಬರ್ 4, ಭಾನುವಾರ

ಪೂಜೆ ಮುಗಿಸಿ ಇಗರ್ಜಿಯ ಮೆಟ್ಟಿಲಿಳಿಯುವಾಗ ಅತ್ತೆ ನನ್ನ ಕೂದಲಿಗೆ ಕೈ ಹಾಕಿದಳು. "ಇದೇನೇ ಇದು, ಮರ ಕೊಯ್ಯೋ ಮಿಲ್ಲಲ್ಲಿ ಮಲಗಿ ಎದ್ದು ಬಂದಂಗಿದೆ! ನನ್ನ ಬ್ರೆಡ್ಡಲ್ಲಿ ಸೀಡರ್ ಹುಡಿ ಸಿಕ್ತು ಅಂತ ಗಿರಾಕಿ ಬಂದ್ರೆ ನಿನ್ನನ್ನೇ ಮುಂದೆ ನಿಲ್ಲಿಸ್ತೀನಿ." ಹೀಗೆ ಹೇಳುತ್ತ ಕರವಸ್ತ್ರದಿಂದ ನನ್ನ ತಲೆ ಒರೆಸಿದಳು. ತುಂಬ ಹೊತ್ತು ಒರೆಸಿದಳು.

ಮಧ್ಯಾಹ್ನ ಬೈರಿಗೆಯ ಮೊನೆ ಹುಡುಕುತ್ತ ಶೆಡ್ಡಿನ ಕೆಳಗಿನ ಅರೆ ಎಳೆದೆ. ಅದರಲ್ಲಿ ಅಣ್ಣ ಬಣ್ಣ ಹಚ್ಚಿದ ಒಂದು ಮೀನು. ಕಣ್ಣು ಬರೆಯುವಾಗ ಅವನು ಬೇಕೆಂದೇ ಒಂದನ್ನು ಮೇಲೆ, ಒಂದನ್ನು ಕೆಳಗೆ ಬರೆದು, ಹುಬ್ಬು ಗಂಟಿಕ್ಕಿಸಿದ್ದ. "ಜುಲ್ಮೀರಾ ಅತ್ತೆ, ಉಪವಾಸದ ಶುಕ್ರವಾರ" ಎಂದು ಊರೆಲ್ಲ ತೋರಿಸಿಕೊಂಡು ಬಂದಿದ್ದ ಅದನ್ನು.

ಅಪ್ಪನ ಮುಂದೆ ಹಿಡಿದೆ. ಅವನ ಹೊಟ್ಟೆ ಕುಲುಕಿತು. ನಾನೂ ನಕ್ಕೆ. ಇಬ್ಬರೂ ಕಣ್ಣೊರೆಸಿಕೊಳ್ಳುವಷ್ಟು ನಕ್ಕೆವು. ಆಮೇಲೆ ಅಪ್ಪ ಕಣ್ಣೊರೆಸುವುದನ್ನು ನಿಲ್ಲಿಸಲಾಗದೆ ಹಿತ್ತಲಿಗೆ ಹೋದ. ನಾನು ಲೇತ್ ಮೇಲಿನ ಹುಡಿ ಗುಡಿಸಿದೆ.

ಅಕ್ಟೋಬರ್ 8, ಗುರುವಾರ

ವಾಲಿತು.

ಅಕ್ಟೋಬರ್ 13, ಮಂಗಳವಾರ

ದಕ್ಷಿಣದಲ್ಲೆಲ್ಲೋ ಚಂಡಮಾರುತ. ಗಾಳಿ ಇಲ್ಲ, ಬಿಸಿಲಿದೆ, ಅಲೆ ಮಾತ್ರ ಇಲ್ಲಿಯವರೆಗೆ ಬರುತ್ತಿದೆ. ಅಡುಗೆಮನೆಯ ಬಟ್ಟಲುಗಳಲ್ಲೂ ಸದ್ದು. ಅಪ್ಪ ಕೇಲ್ ಸೊಪ್ಪಿನ ಸಾರನ್ನು ಮುಂದಿಟ್ಟುಕೊಂಡು ಕಿಟಕಿಯ ಕಡೆಗೇ ನೋಡುತ್ತಿದ್ದ. ಅಲ್ಲಿಂದ ಹೊರಬಂಡೆ ಕಾಣುವುದಿಲ್ಲ; ಅದರ ಮೇಲೆ ಒಡೆಯುವ ನೊರೆ ಮಾತ್ರ ಆಗಾಗ ಬೇಲಿಗಿಂತ ಮೇಲೆ ಎದ್ದು ಕಾಣುತ್ತದೆ.

"ತಣ್ಣಗಾಗ್ತಿದೆ ಸಾರು" ಎಂದೆ.

"ಇಂಥದೇ ಅಲೆ ಇತ್ತು. ಇಷ್ಟು ದೊಡ್ಡದಲ್ಲ. ಆದ್ರೆ ಹಿಂಗೇ, ಗಾಳಿ ಇಲ್ದೆ. ಸುಮ್ನೆ ಇದ್ದಂಗೆ ಕಾಣುತ್ತೆ, ಒಂದೊಂದು ಮಾತ್ರ ಎಲ್ಲಿಂದಲೋ ಬರುತ್ತೆ." ಬಟ್ಟಲನ್ನು ಪಕ್ಕಕ್ಕೆ ಸರಿಸಿದ. "ಕಿಟಕೀಲಿ ನೋಡಿ ಕಳಿಸ್ದೆ ನಾನು. ಬಂಡೇವರೆಗೆ ನಡೆದು ಹೋಗಿ ನೋಡ್ಬೇಕಿತ್ತು. ಮೊಣಕಾಲು ನೋಯ್ತಿತ್ತು ಅಂತ ಕಿಟಕೀಲೇ ನೋಡ್ದೆ."

ನನಗೆ ಇದು ಗೊತ್ತಿರಲಿಲ್ಲ. ಮೇ ತಿಂಗಳಿಂದ ನಾನು ಅವನಿಗೆ ಮನಸ್ಸಿನಲ್ಲೇ ಎಷ್ಟೋ ಮಾತು ಆಡಿದ್ದೇನೆ, ಒಂದಕ್ಕಿಂತ ಒಂದು ಚೂಪಾಗಿ. ಇದನ್ನು ಯಾವತ್ತೂ ಕೇಳಿರಲಿಲ್ಲ. ಸಾರನ್ನು ಒಳಗೆ ಒಯ್ದು ಮತ್ತೆ ಬಿಸಿ ಮಾಡಿ ತಂದೆ. ಕುಡಿದ.

ಅಕ್ಟೋಬರ್ 17, ಶನಿವಾರ

ಹಲಗೆ ಮುಗಿದಿದೆ. ಒಂದೇ ಮೀನಿಗಾಗುವಷ್ಟು ತುಂಡು ಉಳಿದಿತ್ತು. ಬೆಳಿಗ್ಗೆ ಅಪ್ಪ ಅದನ್ನು ಅಳತೆಗೆ ಕೊಯ್ದು ಲೇತಿಗೆ ಸಿಕ್ಕಿಸಿ, ಉಳಿಯನ್ನು ಎತ್ತಿಕೊಂಡವನು ನನ್ನ ಕೈಗೆ ಕೊಟ್ಟ.

"ಇದು ಕೊನೇದು" ಎಂದೆ.

"ಅದಕ್ಕೇ."

ತಲೆಯನ್ನು ನಾನು ಕಡೆದೆ, ಎದೆಯನ್ನು ಕಡೆದೆ. ಬಾಲದ ಕಡೆಗೆ ಬರುವಾಗ ಮತ್ತೆ ಒತ್ತಿ ಹಿಡಿಯತೊಡಗಿದೆ. ಅಪ್ಪ ಹಿಂದಿನಿಂದ ನನ್ನ ಮೊಣಕೈಗೆ ತನ್ನ ಅಂಗೈ ಕೊಟ್ಟ, ಅಷ್ಟೇ, ಹಿಡಿಯಲಿಲ್ಲ. ಮರ ಗೊಣಗುತ್ತಲೇ ಇತ್ತು. ಮುಗಿದಾಗ ಸುರುಳಿಗಳು ನನ್ನ ಪಾದಗಳನ್ನು ಮುಚ್ಚಿದ್ದವು.

ಮೀನನ್ನು ಬೆಂಚಿನ ಮೇಲಿಟ್ಟು ಗೆರೆ ಹಾಕಿದೆ. ಬೈರಿಗೆ ಹತ್ತಿರ ತಂದೆ. ಅಪ್ಪ ಸ್ಟೂಲಿನ ಮೇಲೆ ಕೂತು ಕನ್ನಡಕ ಒರೆಸುತ್ತಿದ್ದ.

"ಡೀಲಾ, ಕೈ ತಪ್ಪಿದ್ರೆ ಒಂದ್ಸಲ ಎಡಕ್ಕೆ ತಪ್ಪುತ್ತೆ, ಇನ್ನೊಂದ್ಸಲ ಬಲಕ್ಕೆ ತಪ್ಪುತ್ತೆ."

ನಾನು ಬೈರಿಗೆ ಕೆಳಗಿಟ್ಟೆ.

"ನಿಂದು ಯಾವಾಗ್ಲೂ ಎಡಕ್ಕೇ."

ಮೋಟಾರು ನಿಂತಿತ್ತು. ಸಮುದ್ರದ ಸದ್ದು ಮಾತ್ರ.

"ಯಾವಾಗಿಂದ ಗೊತ್ತು?"

"ಮೊದಲನೇದು ನಿಜವಾಗ್ಲೂ ತಪ್ಪಿದ್ದು. ತೂತಿನ ಬಾಯೆಲ್ಲ ಹರಿದಿತ್ತು. ಎರಡನೇದು ಎಷ್ಟು ಚೆಂದ ಕೊರೆದಿದ್ದೆ! ದುವಾರ್ತೇನೂ ಅಷ್ಟು ಚೆಂದ ಕೊರೀತಿರ್ಲಿಲ್ಲ."

"ಮತ್ತೆ ಯಾಕಪ್ಪ ಕಡೀತಾ ಹೋದೆ? ಅಜ್ಜನ ಮರ ಎಲ್ಲಾ ಒಲೆಗೆ ಹೋಯ್ತು."

ಕನ್ನಡಕ ಹಾಕಿಕೊಂಡ. ಹಾಕಿಕೊಂಡರೂ ನನ್ನ ಕಡೆ ನೋಡಲಿಲ್ಲ.

"ನೀನು ಶೆಡ್ಡಿಗೆ ಬರ್ತಿದ್ದೆಯಲ್ಲ."

ಬೂಟಿನ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅದು ನನ್ನ ಮುಖದ ಮೇಲೆ ಕಂಡಿತೋ ಏನೋ.

"ಇದನ್ನ ಇವತ್ತು ಕೊರೀಬೇಡ" ಎಂದು ಎದ್ದ. ಬಾಗಿಲ ಹತ್ತಿರ ನಿಂತು, "ನಾಳೆ ಕೊರಿ. ಇಲ್ಲಾ ಕೊರೀಲೇಬೇಡ. ಎಡಕ್ಕೆ ಕೊರೆದ್ರೂ ನಾನೇನೂ ಕೇಳಲ್ಲ. ನಿನ್ನಿಷ್ಟ" ಎಂದ.

ಅಕ್ಟೋಬರ್ 18, ಭಾನುವಾರ

ಅಪ್ಪ ಇವತ್ತು ಅತ್ತೆಯ ಜೊತೆ ಇಗರ್ಜಿಗೆ ಹೋದ. ಮೇ ತಿಂಗಳಾದ ಮೇಲೆ ಇದೇ ಮೊದಲು. ಅತ್ತೆ ಗಾಡಿಯಿಂದಲೇ ಕೂಗುತ್ತಿದ್ದಳು, "ಆ ಕೋಟು ಹಾಕ್ಕೋಬೇಡ್ವೋ, ಹುಳ ತಿಂದಿದೆ! ದೇವರಿಗೆ ಕಣ್ಣಿಲ್ವಾ?" ಅಪ್ಪ ಅದೇ ಕೋಟು ಹಾಕಿಕೊಂಡು ಹೋದ. ನನಗೆ ತಲೆನೋವು ಎಂದೆ.

ಹಿಂಬಾಗಿಲಿಗೆ ಹೋದೆ. ಬಿಸಿಲು ಬೂಟುಗಳ ಮೇಲೆ ಬಿದ್ದಿತ್ತು. ಅಪ್ಪನ ಅಟ್ಟೆಯಲ್ಲಿ ಏನೋ ಹೊಳೆಯಿತು.

ಎಲ್ಲ ತೂತಿನಲ್ಲೂ ಮೊಳೆ. ಬೆರಳಾಡಿಸಿ ನೋಡಿದೆ, ಒಂದೂ ಸಡಿಲವಿಲ್ಲ. ಹಳೆಯವು ಸಾಲದೆಂದು ಹಿಮ್ಮಡಿಗೆ ಹೊಸವನ್ನೂ ತಿರುಗಿಸಿದ್ದಾನೆ. ತಂಬಾಕಿನ ಡಬ್ಬಿ ಖಾಲಿಯಾಗಿ ಕಿಟಕಿಯ ಮೇಲೆ ಮಗುಚಿತ್ತು.

ಬಾಗಿಲ ಹೊಸಿಲ ಮೇಲೆ ಕೂತೆ. ಎಷ್ಟು ಹೊತ್ತೋ. ಅಲೆಯ ಸದ್ದು ನಿನ್ನೆಗಿಂತ ಇಳಿದಿದೆ, ನಾಳೆಗೆ ಪೂರ್ತಿ ಇಳಿಯುತ್ತದೆ. ಅಣ್ಣನ ಹಳೆಯ ಬೂಟನ್ನು ಗೂಟದಿಂದ ತೆಗೆದು ಕಾಲಿಗೆ ಹಾಕಿಕೊಂಡೆ. ದೊಡ್ಡದು. ಎರಡು ಜೊತೆ ಉಣ್ಣೆಯ ಕಾಲುಚೀಲ ಹಾಕಿದರೆ ಆಗುತ್ತದೆ. ಅದನ್ನು ಹಾಕಿಕೊಂಡೇ ಶೆಡ್ಡಿಗೆ ನಡೆದೆ. ಅಂಗಳದ ಕಲ್ಲಿನ ಮೇಲೆ ಆ ಸದ್ದು ಬಂತು.

ಕೊನೆಯ ಮೀನು ಬೆಂಚಿನ ಮೇಲಿದೆ. ಅದು ಹೇಗೆ ಈಜುತ್ತದೋ ಗೊತ್ತಿಲ್ಲ. ನೇರ ಈಜಿದರೆ ಅಪ್ಪನಿಗೆ ಏನಾಗುತ್ತದೆ, ಪಕ್ಕಕ್ಕೆ ಎಳೆದರೆ ಏನಾಗುತ್ತದೆ, ಅದೂ ಗೊತ್ತಿಲ್ಲ. ಎರಡರಲ್ಲಿ ಯಾವುದಾದರೂ ಅಣ್ಣ ಬರುವುದಿಲ್ಲ. ಆದರೆ ನೋಡುವಾಗ ಅಪ್ಪ ಒಬ್ಬನೇ ಇರಬಾರದು.

ಗೆರೆಯ ಮೇಲೆ ಚುಕ್ಕಿ ಹೊಡೆದಿಟ್ಟಿದ್ದೇನೆ. ಅವರು ಇಗರ್ಜಿಯಿಂದ ಬರುವುದರೊಳಗೆ ನಡುವಿನಲ್ಲೇ ಕೊರೆಯುತ್ತೇನೆ. ನಾಳೆ ಬಂಡೆಯವರೆಗೆ ನಡೆದು ಹೋಗಿ, ಅಲೆಯನ್ನು ಅಲ್ಲೇ ನಿಂತು ನೋಡುತ್ತೇವೆ. ಸರಿಯಿದ್ದರೆ ಮಾತ್ರ. ಎಸೆಯುವವಳು ನಾನು, ಹಿಂದೆ ನಿಂತು ನನ್ನ ಸೊಂಟದ ಪಟ್ಟಿಯನ್ನು ಎರಡು ಕೈಯಲ್ಲಿ ಹಿಡಿದುಕೊಳ್ಳುವವನು ಅಪ್ಪ. ಅವನಿಗೆ ಇನ್ನೂ ಹೇಳಿಲ್ಲ.